ಬೂದಿಯ ಎಡಗಾಲು

“ಲದ್ದಿ ಬಾಚೋ ಕೈ ಅದು. ಅದಕ್ಕೆ ಬಿಸಿ ಯಾವ್ದು, ತಣ್ಣಗಿರೋದು ಯಾವ್ದು ಅಂತ ಗೊತ್ತಾಗುತ್ತೇನೇ?”

ಓಟಕ್ಕೆ ಕುದುರೆ ತಯಾರು ಮಾಡುವ ಕೋಚು ಹೀಗೆ ಕೇಳಿದಾಗ ಸೊಸೆ ಬೂದಿ ಎಂಬ ಕುದುರೆಯ ಎಡ ಮುಂಗಾಲಿನ ಹತ್ತಿರ ಮಂಡಿಯೂರಿ ಕೂತಿದ್ದಳು. ಏಳಲಿಲ್ಲ. ಮೊಣಕಾಲಿನ ಕೆಳಗಿಂದ ಗೊರಸಿನ ಮೇಲಿನ ಗಂಟಿನವರೆಗೆ ಹಗ್ಗದ ಹಾಗೆ ಇಳಿಯುವ ದಪ್ಪ ನರದ ಮೇಲೆ ಅವಳ ಹಿಂಗೈ ಇತ್ತು. ಅಂಗೈಯಲ್ಲಿ ನೋಡಬಾರದು, ಅಂಗೈ ಸಲಿಕೆ ಹಿಡಿದು, ಬಕೆಟ್ಟು ಎತ್ತಿ ಜಡ್ಡುಗಟ್ಟಿರುತ್ತದೆ, ಅದು ಏನು ಹೇಳಿದರೂ ನಂಬುವಂತಿಲ್ಲ. ಹಿಂಗೈಯ ಚರ್ಮ ಮಾತ್ರ ಎಷ್ಟು ದುಡಿದರೂ ಎಳೆಗೂಸಿನ ಕೆನ್ನೆಯಂತೆ ಉಳಿದಿರುತ್ತದೆ. ಬಲಗಾಲಿನ ನರ ಹೊಳೆಯ ಕಲ್ಲಿನಷ್ಟು ತಣ್ಣಗಿತ್ತು. ಎಡಗಾಲಿನದು, ಎರಡೇ ಬೆರಳಗಲದ ಜಾಗದಲ್ಲಿ, ಆಗತಾನೇ ಮಗು ಎದ್ದುಹೋದ ಹಾಸಿಗೆಯಂತೆ ಬೆಚ್ಚಗಿತ್ತು.

“ಬಿಸಿ ಐತೆ ಸಾರ್,” ಎಂದಳು. “ಜಾಸ್ತಿ ಇಲ್ಲ. ಆದ್ರೆ ಐತೆ.”

“ಬಿಸಿಲಿಗೆ ಕೂತ್ರೆ ನಿನ್ನ ಕುಂಡೀನೂ ಬಿಸಿ ಆಗುತ್ತೆ. ಏಳೇ ಮುಂಡೆ.”

ಹೊರಗೆ ಇನ್ನೂ ಬಿಸಿಲು ಬಿದ್ದಿರಲಿಲ್ಲ. ಲಾಯದ ಉದ್ದಕ್ಕೂ ಕುದುರೆಗಳು ಮೇವಿನ ತೊಟ್ಟಿಗೆ ಮೂತಿ ಹಾಕಿ ಮೆಲ್ಲುವ ಸದ್ದು ಮಾತ್ರ ಇತ್ತು. ಹುಲ್ಲು ಹೊರುವ ಇಬ್ಬರು ನಕ್ಕರು. ಕೋಚು ಏನಾದರೂ ಅಂದ ಮೇಲೆ ಒಂದಿಷ್ಟು ನಕ್ಕುಬಿಡುವುದು ಅಲ್ಲಿನ ಕೆಲಸದಲ್ಲಿ ಸೇರಿದ್ದು; ಸೊಸೆಗೂ ಅದು ಗೊತ್ತು, ಅವರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ.

ಲಾಯದಲ್ಲಿ ಎಲ್ಲರಿಗೂ ಅವಳು ಸೊಸೆ. ಲಾಯದ ಹಳೆಯ ಆಳಾದ ಮುದುಕನ ಸೊಸೆಯಾಗಿ ಬಂದವಳು, ತಲೆ ಅರ್ಧ ನರೆತ ಮೇಲೂ ಧಣಿಯಿಂದ ಹಿಡಿದು ಲಾಳ ಹೊಡೆಯುವವನವರೆಗೆ ಎಲ್ಲರ ಬಾಯಲ್ಲೂ ಸೊಸೆಯಾಗಿಯೇ ಉಳಿದಿದ್ದಳು. ಗಂಡ ತೀರಿಕೊಂಡು ಹನ್ನೊಂದು ವರ್ಷ. ಕುದುರೆಗಳನ್ನು ತುಂಬಿಕೊಂಡು ಹೋಗುತ್ತಿದ್ದ ಲಾರಿ ತಿರುವಿನಲ್ಲಿ ಮಗುಚಿ, ಅವುಗಳ ನಡುವೆ ನಿಂತಿದ್ದವನು ಅಲ್ಲೇ ಹೋದ. ಸುದ್ದಿ ಹೇಳಲು ಫೋನು ಮಾಡಿದವನನ್ನು ಧಣಿ ಮೊದಲು ಕೇಳಿದ್ದು ಕುದುರೆಗಳಿಗೇನಾಯ್ತು ಎಂದು. ಆ ಮಾತು ಬಾಯಿಂದ ಬಾಯಿಗೆ ಹಾದು ಸೊಸೆಯ ಕಿವಿಗೂ ಬಿದ್ದಿತ್ತು. ಕುದುರೆಗಳನ್ನು ಅವಳು ದೂರಲಿಲ್ಲ. ಅವೇನು ಕೇಳಿಕೊಂಡು ಲಾರಿ ಹತ್ತಿದ್ದವೇ?

ಎದ್ದು ನಿಂತು, ಬೂದಿಯ ಕತ್ತಿನ ಮೇಲೆ ಕೈಯಿಟ್ಟು, ಇದಕ್ಕೆ ವಿಶ್ರಾಂತಿ ಬೇಕು ಎಂದು ಇನ್ನೊಮ್ಮೆ ಹೇಳಿದಳು. ಕೋಚು ಅವಳ ಮುಖದ ಹತ್ತಿರಕ್ಕೆ ಬಂದು ದನಿ ತಗ್ಗಿಸಿದ. ದೂರದ ಓಟದ ಸ್ಪರ್ಧೆಗೆ ಇನ್ನು ಮೂರು ದಿನ. ತಂಡಕ್ಕೆ ಕುದುರೆ ಆರಿಸುವವರು ಬರುತ್ತಾರೆ. ಈ ಮಾತು ಇನ್ನೊಮ್ಮೆ ಬಾಯಿಂದ ಬಂದರೆ ನಾಲಗೆ ಕಿತ್ತು ಮೇವಿನ ಜೊತೆ ಕಲಸುತ್ತೇನೆ ಎಂದ.

ಅವನ ಹೆದರಿಕೆಗೆ ಕಾರಣ ಅವಳಿಗೆ ಗೊತ್ತಿತ್ತು. ಹಿಂದಿನ ಸಂಜೆ ಧಣಿಯ ನೆಂಟರು ಬಂದಿದ್ದರು. ಅವರೆದುರು ಮೆರೆಯುವುದಕ್ಕೆಂದು ಕೋಚು ಬೂದಿಯನ್ನು ಟಾರು ರಸ್ತೆಯ ಮೇಲೆ ನಾಗಾಲೋಟದಲ್ಲಿ ಎರಡು ಸಲ ಹೋಗಿಬರುವಂತೆ ಓಡಿಸಿದ್ದ. ನೆಂಟರು ಚಪ್ಪಾಳೆ ತಟ್ಟಿದ್ದರು. ಲಾಳದಿಂದ ಕಿಡಿ ಹಾರಿದ್ದನ್ನು ನೋಡಿ ಒಬ್ಬ ಹೆಂಗಸು ಎಷ್ಟು ಚೆಂದ ಅಂದಿದ್ದಳು.

ಬೂದಿ ಎಂಬುದು ಲಾಯದವರು ಕರೆಯುವ ಹೆಸರು. ಕಾಗದದಲ್ಲಿ ಅದಕ್ಕೆ ಮಾರುದ್ದದ ಬೇರೆ ಹೆಸರಿತ್ತು, ಯಾರ ನಾಲಗೆಗೂ ಹೊರಳುತ್ತಿರಲಿಲ್ಲ. ಆರು ತಿಂಗಳ ಹಿಂದೆ ಹುಲ್ಲುಗಾವಲಿನಿಂದ ಬಂದಾಗ ಈ ಹೆಣ್ಣು ಕುದುರೆಯ ಹೊಟ್ಟೆ ಮೇದು ಮೇದು ಕೊಪ್ಪರಿಗೆಯಂತೆ ಜೋತುಬಿದ್ದಿತ್ತು. ಎಂಬತ್ತು ಕಿಲೋಮೀಟರ್ ಓಡಬೇಕಾದ ಕುದುರೆಯನ್ನು ಅವಸರದಲ್ಲಿ ತಯಾರು ಮಾಡಲು ಬರುವುದಿಲ್ಲ. ಮೊದಲ ಒಂದೂವರೆ ತಿಂಗಳು ಬರೀ ನಡಿಗೆ. ಬೂದಿ ನಡೆದಷ್ಟೂ ದೂರ ಸೊಸೆಯೂ ಪಕ್ಕದಲ್ಲಿ ನಡೆದಳು. ಆಮೇಲೆ ಸಣ್ಣ ಓಟ, ಆಮೇಲೆ ಏರು, ಇಳಿಜಾರು, ಮರಳು. ಉಸಿರು ಮೊದಲು ಗಟ್ಟಿಯಾಗುತ್ತದೆ, ಮಾಂಸ ಆಮೇಲೆ, ನರ ಮತ್ತೂ ಆಮೇಲೆ, ಮೂಳೆ ಎಲ್ಲಕ್ಕಿಂತ ಕೊನೆಗೆ; ಉಸಿರು ಗಟ್ಟಿಯಾಯಿತೆಂದು ಓಡಿಸಿಬಿಡುವವರು ಕುದುರೆ ಕಳೆದುಕೊಳ್ಳುತ್ತಾರೆ ಎಂದು ಮಾವ ಹೇಳಿಕೊಟ್ಟಿದ್ದ. ಬೆಳಿಗ್ಗೆ ಎದ್ದವಳೇ ಲದ್ದಿಯ ಉಂಡೆ ಮುರಿದು ಮೂಸುತ್ತಿದ್ದಳು. ಗೊರಸು ಎತ್ತಿ ಮೂಸುತ್ತಿದ್ದಳು. ನೀರು ಕುಡಿಯುವಾಗ ಗಂಟಲಿನ ಗುಟುಕು ಎಣಿಸುತ್ತಿದ್ದಳು. ಓಡಿ ಬಂದ ಮೇಲೆ ಮುಂಗಾಲಿನ ಸಂದಿಗೆ ಕಿವಿಯೊತ್ತಿ ಎದೆಬಡಿತ ಇಳಿಯುವುದನ್ನು ಕೇಳುತ್ತಿದ್ದಳು. ದೊಡ್ಡ ಮನೆಯೊಂದರಲ್ಲಿ ಯಾರೋ ನಿಧಾನವಾಗಿ ಮೆಟ್ಟಿಲಿಳಿದು ಬಂದಂತೆ ಕೇಳುತ್ತಿತ್ತು. ನಾಲ್ಕು ಕಾಲನ್ನೂ ಒಂದೊಂದಾಗಿ ಮುಟ್ಟುವುದು ಕೊನೆಯ ಕೆಲಸ. ಆಗ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ದೇವರ ಎದುರು ಕೂತವಳಂತೆ ಕಣ್ಣು ಮುಚ್ಚಿರುತ್ತಿದ್ದಳು.

ಕೋಚು ಬೈದ ದಿನ ಮಧ್ಯಾಹ್ನ ಮಾವನನ್ನು ಕರೆತಂದಳು. ಮಂಡಿ ಮಡಿಸಲಾರದ ಮುದುಕ ಗೋಡೆ ಹಿಡಿದು, ಹಲ್ಲು ಕಚ್ಚಿ, ಮಡಿಸಿಯೇ ಕೂತ. ಹಿಂಗೈಯಿಟ್ಟ. ತುಂಬಾ ಹೊತ್ತು ಹಾಗೇ ಇದ್ದ. ನರವನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಒತ್ತಿದಾಗ ಬೂದಿ ಕಾಲು ಕಸಿದುಕೊಂಡಿತು, ಕಿವಿ ಹಿಂದಕ್ಕೆ ಹಾಕಿತು.

“ಏನ್ ಮಾವ?”

“ಹರಿಯೋಕೆ ಶುರು ಆಗೈತೆ. ನಾಲ್ಕು ತಿಂಗ್ಳು ನಿಲ್ಸಿದ್ರೆ ಕೂಡ್ಕೊಳ್ತದೆ. ಓಡ್ಸಿದ್ರೆ ಪೂರ್ತಿ ಹರ್ಕೊಳ್ತದೆ.”

ಅಷ್ಟು ಹೇಳಿ, ಎಬ್ಬಿಸು ಎಂದು ಕೈಚಾಚಿದ.

ಮರುದಿನ ಧಣಿ ಕರೆಸಿದ. ಅವಳು ಜಗಲಿಯ ಕೆಳಗಿನ ಕಲ್ಲುಹಾಸಿನ ಮೇಲೆ ನಿಂತಳು. ಮೆಟ್ಟಿಲು ಹತ್ತುವ ರೂಢಿ ಲಾಯದವರಿಗೆ ಇರಲಿಲ್ಲ. ಧಣಿ ಒಳ್ಳೆಯ ಲಹರಿಯಲ್ಲಿದ್ದ. ಬೂದಿಯನ್ನೂ ಹಿಡಿದು ತಾ ಎಂದಿದ್ದ, ತಂದಿದ್ದಳು. ಅವನು ಇಳಿದು ಬಂದು ಕುದುರೆಯ ಮೂತಿಯನ್ನು ಎರಡೂ ಕೈಯಲ್ಲಿ ಹಿಡಿದು, ಹಣೆಗೆ ಹಣೆ ಒತ್ತಿ, ಕಣ್ಣು ಮುಚ್ಚಿ ಉಸಿರೆಳೆದುಕೊಂಡ. ಈ ವಾಸನೆ ಇದೆಯಲ್ಲ, ಇದಕ್ಕೆ ಸಮ ಯಾವುದೂ ಇಲ್ಲ ಎಂದ. ಕಣ್ಣು ತೆರೆದಾಗ ಸೊಸೆ ಹತ್ತಿರವೇ ಇದ್ದಳು. “ಸ್ವಲ್ಪ ಆಚೆ ನಿಂತ್ಕೋ,” ಎಂದ, ಮೂಗಿನ ಮುಂದೆ ಕೈ ಬೀಸಿಕೊಂಡು. “ಮೈ ತೊಳ್ಕೊಳ್ಳೋದೇ ಇಲ್ವೇನೇ ನೀವು?”

ಅವಳ ಬಟ್ಟೆಯಲ್ಲಿದ್ದುದೂ ಬೂದಿಯ ವಾಸನೆಯೇ.

ಅವಳು ಆಚೆ ನಿಂತು, ಅಲ್ಲಿಂದಲೇ, ಕಾಲಿನ ವಿಷಯ ಹೇಳಿದಳು. ಮಾವ ನೋಡಿದ್ದನ್ನೂ ಹೇಳಿದಳು. ಧಣಿ ಪಕ್ಕದಲ್ಲಿ ನಿಂತಿದ್ದ ಕೋಚಿನ ಕಡೆ ನೋಡಿದ. ಕೋಚು ನೆಲ ನೋಡಿದ. ಅಷ್ಟರಿಂದಲೇ ಧಣಿಗೆ ನಿಜ ತಿಳಿಯಿತು ಎಂಬುದು ಅವಳಿಗೂ ತಿಳಿಯಿತು. ಬೂದಿ ಉಳಿಯಿತು ಎಂದು ಒಂದು ಗಳಿಗೆ ಅವಳಿಗೆ ಆಸೆ ಹುಟ್ಟಿತು.

ಧಣಿ ಬೈಯಲಿಲ್ಲ. ನೋವು ಕಾಣದ ಹಾಗೆ ಸೂಜಿ ಚುಚ್ಚಬಹುದಿತ್ತು, ಆದರೆ ರಕ್ತ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತೆ ಎಂದು ತನ್ನಷ್ಟಕ್ಕೇ ಲೆಕ್ಕ ಹಾಕುವವನಂತೆ ಹೇಳಿಕೊಂಡ. ಹಾಗಾದರೆ ಉಳಿದದ್ದು ಒಂದೇ, ಕುಂಟು ಕಣ್ಣಿಗೆ ಬೀಳದಂತೆ ಓಡಿಸುವುದು. ಸ್ಪರ್ಧೆಗೆ ಮುಂಚೆ ಮೈದಾನದಲ್ಲಿ ಡಾಕ್ಟರು ಕುದುರೆಯನ್ನು ಗಟ್ಟಿ ನೆಲದ ಮೇಲೆ ನಲವತ್ತು ಹೆಜ್ಜೆ ಓಡಿಸಿ, ತಿರುಗಿಸಿ, ಮತ್ತೆ ಓಡಿಸಿ ನೋಡುತ್ತಾರೆ. ಪಕ್ಕದಲ್ಲಿ ಹಗ್ಗ ಹಿಡಿದು ಓಡುವವರು ಲಾಯದವರು.

“ನಿನ್ನ ಮಾವನಂಥ ಕೈ ಈ ಸೀಮೆಯಲ್ಲೇ ಇಲ್ಲ,” ಎಂದ ಧಣಿ. “ಕುಂಟೋ ಕುದುರೇನ ಕುಣಿಸ್ಕೊಂಡು ಬರ್ತಿದ್ದ. ಈಗ ಅವನಿಗೆ ಓಡೋಕಾಗಲ್ಲ. ನಿಂಗೆ ಕಲಿಸ್ಲಿ. ಕಲಿಸ್ದೆ ಇದ್ರೆ, ಅವನು ಮಲಗಿರೋ ಮಂಚ ಇದ್ಯಲ್ಲ, ಅದರ ಮೇಲಿರೋ ಸೂರು ನಂದು. ನೆನಪಿರ್ಲಿ.”

ಸೊಸೆ ತಲೆಬಗ್ಗಿಸಿ ಬೂದಿಯನ್ನು ತಿರುಗಿಸಿಕೊಂಡು ಹೊರಟಳು. ಕಲ್ಲುಹಾಸಿನ ಮೇಲೆ ನಾಲ್ಕು ಗೊರಸಿನ ಸದ್ದು ಒಂದೇ ಸಮನಾಗಿರಲಿಲ್ಲ. ಮೂರು ಗಟ್ಟಿ, ಒಂದು ಮೆತ್ತಗೆ.

ಲಾಯದ ಹಿಂಭಾಗದ ಮಾವ ಸೊಸೆಯ ಕೋಣೆಯಲ್ಲಿ ಒಂದು ಮಂಚ, ಒಂದು ಟ್ರಂಕು, ಮೊಳೆಗೆ ನೇತುಹಾಕಿದ ಲಗಾಮು, ಹಗ್ಗ, ಗೂಡಿನಲ್ಲಿ ದೇವರ ಪಟ. ಸಂಜೆಯ ದೀಪ ಹಚ್ಚಿ, ಕೈಮುಗಿದು, ಧಣಿ ಹೇಳಿದ್ದನ್ನು ಮಾವನಿಗೆ ಹೇಳಿದಳು. ಬೈಯುತ್ತಾನೆ ಅಂದುಕೊಂಡಿದ್ದಳು. ಮುದುಕನ ಮುಖದಲ್ಲಿ ನಾಚಿಕೆಯಂಥ ಒಂದು ನಗು ಬಂತು.

“ಈ ಸೀಮೇಲೇ ಇಲ್ಲ ಅಂದ್ರಾ?”

ಅಂದರು ಎಂದಳು.

ಮುದುಕ ಎದ್ದ. ಮೊಳೆಯಿಂದ ಹಗ್ಗ ಬಿಚ್ಚಿದ. ಅದನ್ನು ತನ್ನ ಕತ್ತಿಗೇ ಹಾಕಿಕೊಂಡು, ಇನ್ನೊಂದು ತುದಿಯನ್ನು ಸೊಸೆಯ ಕೈಗೆ ಕೊಟ್ಟ. ಅವಳು ಬೇಡ ಮಾವ ಎಂದಳು. ಹಿಡಿ ಎಂದ. ನಾನೇ ಕುದುರೆ ಅಂತ ತಿಳ್ಕೋ.

“ಎಡಗಾಲು ನೋಯ್ತೈತೆ ಅಂದ್ರೆ, ಎಡ ಊರುವಾಗ ತಲೆ ಮೇಲಕ್ಕೆತ್ತುತ್ತೆ. ಬಲ ಊರುವಾಗ ಇಳಿಸ್ತದೆ. ಡಾಕ್ಟ್ರು ಕಾಲು ನೋಡಲ್ಲ, ತಲೆ ನೋಡ್ತಾರೆ. ತಲೆ ಆಡ್ತು ಅಂದ್ರೆ ಮುಗೀತು. ಹಗ್ಗ ಸಡಿಲ ಬಿಡ್ಬೇಕು ಅಂತ ಅವರ ಕಾನೂನೈತೆ. ನೀನು ಸಡಿಲ ಬಿಟ್ಟಂಗೆ ಕಾಣ್ಬೇಕು, ಬಿಡ್ಬಾರ್ದು. ಕೈಯಿಂದಾಚೆ ಹಗ್ಗ ಜೋತಾಡ್ತಿರ್ಲಿ. ಗಲ್ಲದ ಕೆಳಗೆ ಒಂದು ಗೇಣಲ್ಲಿ ಮುಷ್ಟಿ. ಮೊಣಕೈ ಅದರ ಭುಜಕ್ಕೆ ಒತ್ತು. ಎಡ ಊರ್ತು ಅನ್ನೋಷ್ಟ್ರಲ್ಲಿ ಕೆಳಗೆ ಹಿಡಿ. ಬರ್ತೀನಿ ನೋಡು.”

ಕೋಣೆಯ ಉದ್ದಕ್ಕೆ ಎಂಟು ಹೆಜ್ಜೆ. ಎಪ್ಪತ್ತು ದಾಟಿದ ಮುದುಕ ಕತ್ತಿನಲ್ಲಿ ಹಗ್ಗ ಹಾಕಿಕೊಂಡು, ಎಡಗಾಲು ಎಳೆಯುತ್ತ, ಪ್ರತಿ ಹೆಜ್ಜೆಗೂ ಗಲ್ಲ ಮೇಲೆತ್ತುತ್ತ, ಮಂಚದಿಂದ ಬಾಗಿಲಿಗೆ, ಬಾಗಿಲಿಂದ ಮಂಚಕ್ಕೆ ಕುಂಟಿದ. ಸೊಸೆ ಪಕ್ಕದಲ್ಲಿ ನಡೆದಳು. ಅವಳ ಮುಷ್ಟಿ ಗಟ್ಟಿಯಾಗುತ್ತಿರಲಿಲ್ಲ.

“ಜಗ್ಗು. ನನ್ನ ತಲೆ ಆಡ್ತೈತಲ್ಲ.”

ಜಗ್ಗಿದಳು. ಹಗ್ಗ ಮುದುಕನ ಕತ್ತಿನ ಸಡಿಲ ಚರ್ಮಕ್ಕೆ ಕಚ್ಚಿತು. “ಇನ್ನೂ,” ಎಂದ. ಮತ್ತೆ ತಿರುಗಿದ. ನಾಲ್ಕನೆಯ ಸಲಕ್ಕೆ ಅವನ ತಲೆ ಆಡಲಿಲ್ಲ. ಕುಂಟುವ ಮುದುಕ ನೆಟ್ಟಗೆ ಮುಖವಿಟ್ಟುಕೊಂಡು ಬಾಗಿಲವರೆಗೆ ಹೋಗಿ ನಿಂತ. ಏದುಸಿರು ಬಿಡುತ್ತಿದ್ದ. ಭೇಷ್ ಎಂದ. ನಂಗಿಂತ ನಿಂದೇ ಚಲೋ ಕೈ.

ಸೊಸೆ ಹಗ್ಗ ಬಿಟ್ಟು, ಬಾಯಿಗೆ ಕೈ ಅಡ್ಡ ಹಿಡಿದು ಕೂತಳು. ಆಮೇಲೆ ಕೇಳಿದಳು, ಬೂದಿಯ ತಾಯಿಯನ್ನೂ ನೀನೇ ಓಡಿಸಿದ್ದಾ ಮಾವ?

ಬೂದಿಯ ತಾಯಿಯ ಕಥೆ ಲಾಯದಲ್ಲಿ ಎಲ್ಲರಿಗೂ ಅರ್ಧ ಗೊತ್ತಿತ್ತು. ಅದು ಐವತ್ತನೆಯ ಕಿಲೋಮೀಟರಿನಲ್ಲಿ ಬಿದ್ದದ್ದು. ಕಾಲು ಚರ್ಮದಲ್ಲಿ ಮಾತ್ರ ಉಳಿದು ಜೋತಾಡುತ್ತಿದ್ದದ್ದು. ಮೂರು ಕಾಲಿನಲ್ಲೇ ಎದ್ದು ಮುಂದಿನ ಕುದುರೆಗಳ ಹಿಂದೆ ಹೋಗಲು ನೋಡಿದ್ದು. ಹೊಲದ ಬದುವಿನಲ್ಲಿ ತಾಡಪಾಲು ಅಡ್ಡ ಹಿಡಿದು ಅದನ್ನು ಮುಗಿಸಿದ್ದು. ಉಳಿದ ಅರ್ಧ, ಅದರ ಹಿಂದಿನ ದಿನದ್ದು, ಯಾರೂ ಹೇಳುತ್ತಿರಲಿಲ್ಲ.

ಮುದುಕ ಕತ್ತಿನಿಂದ ಹಗ್ಗ ತೆಗೆದು, ನಿಧಾನವಾಗಿ ಸುತ್ತಿ, ಮೊಳೆಗೆ ಹಾಕಿದ.

“ನಾನು ಚೆನ್ನಾಗೇ ಹಿಡಿದಿದ್ದೆ,” ಎಂದ. “ಡಾಕ್ಟ್ರು ಭೇಷ್ ಅಂದ್ರು. ಧಣಿ ಹೆಗಲ ಮೇಲೆ ಕೈಹಾಕಿದ್ರು, ಎಲ್ಲರ ಮುಂದೆ.” ಮೊಳೆಯ ಮೇಲಿನ ಹಗ್ಗ ಸರಿಮಾಡಿ, “ಈ ಕೋಣೆ ಆವಾಗ್ಲೇ ಕೊಟ್ಟಿದ್ದು,” ಎಂದ.



ಮೈದಾನಕ್ಕೆ ಹೋದದ್ದು ಸ್ಪರ್ಧೆಯ ಹಿಂದಿನ ದಿನ ಮಧ್ಯಾಹ್ನ. ನಲವತ್ತಕ್ಕೂ ಮೇಲೆ ಕುದುರೆಗಳು ಸಾಲಾಗಿ ನಿಂತಿದ್ದವು, ಒಂದೊಂದರ ತೊಡೆಯ ಮೇಲೂ ಬಣ್ಣದಲ್ಲಿ ಬರೆದ ನಂಬರು. ಒಂದು ಪಕ್ಕ ಶಾಮಿಯಾನ, ಅದರಡಿ ಕುರ್ಚಿಗಳಲ್ಲಿ ಧಣಿಗಳು, ಆರಿಸಲು ಬಂದವರು. ಇನ್ನೊಂದು ಪಕ್ಕ ಬಿಸಿಲಿನಲ್ಲಿ ಹಗ್ಗ ಹಿಡಿದವರು. ನಡುವೆ ಉದ್ದಕ್ಕೆ ಗುಡಿಸಿದ ಗಟ್ಟಿ ನೆಲ. ಆ ನೆಲದ ತುದಿಯಲ್ಲಿ ಟೋಪಿ ಹಾಕಿಕೊಂಡ ಡಾಕ್ಟರಮ್ಮ, ಪಕ್ಕದಲ್ಲಿ ಬರೆದುಕೊಳ್ಳುವ ಗುಮಾಸ್ತ.

ಧಣಿ ಮುದುಕನನ್ನೂ ಲಾರಿಯಲ್ಲಿ ಹತ್ತಿಸಿಕೊಂಡು ಬಂದಿದ್ದ. ಸೊಸೆಗೆ ಧೈರ್ಯ ಹೇಳಲು ಎಂದಿದ್ದ. ಮುದುಕ ಎದುರಿಗೇ ಇದ್ದರೆ ಸೊಸೆ ಹಾದಿ ತಪ್ಪುವುದಿಲ್ಲ ಎಂದು ಅವನ ಮನಸ್ಸಿನಲ್ಲಿತ್ತು.

ಸಾಲಿನಲ್ಲಿ ಸೊಸೆಯ ಮುಂದಿದ್ದವನು ಬೇರೆ ಲಾಯದ ಮೆಳ್ಳಗಣ್ಣ. ಅವನ ಕಂದು ಕುದುರೆಯೂ ಏನೋ ಮುಚ್ಚಿಡುತ್ತಿತ್ತು; ಅವನು ಅದನ್ನು ಸುಮ್ಮನೆ ನಿಲ್ಲಲು ಬಿಡದೆ ಸುತ್ತಿಸುತ್ತಲೇ ಇದ್ದ. ಸೊಸೆ ನೋಡುವುದನ್ನು ನೋಡಿ, ನಿಂದ್ಯಾವ ಕಾಲು ಅಕ್ಕಾ ಎಂದು ಪಿಸುಗುಟ್ಟಿದ. ಎಡ ಎಂದಳು. ನಂದು ಹಿಂದಿನ ಬಲ ಎಂದ. “ನಮ್ಮ ಕೈಯಾಗೆ ಎಷ್ಟು ಕುದುರೆ ಉದ್ಧಾರ ಆದ್ವು ನೋಡು,” ಎಂದು ಹಲ್ಲು ಕಿರಿದು, ಸರದಿ ಬಂತೆಂದು ಓಡಿದ. ಮುಷ್ಟಿ ಗಲ್ಲದಡಿ ಇತ್ತು. ಅವನ ಕುದುರೆ ಪಾಸಾಯಿತು.

“ಮೂವತ್ತೊಂದು,” ಎಂದು ಗುಮಾಸ್ತ ಬೂದಿಯ ನಂಬರು ಕೂಗಿದ.

ಸೊಸೆ ಮನಸ್ಸಿನಲ್ಲಿ ದೇವರನ್ನು ನೆನೆದಳು. ಏನು ಬೇಡಬೇಕೆಂದು ತೋಚಲಿಲ್ಲ. ಮುಷ್ಟಿ ಗಲ್ಲದ ಕೆಳಗೆ ಒಂದು ಗೇಣಿಗೆ ಏರಿತು, ಮೊಣಕೈ ಭುಜಕ್ಕೆ ಒತ್ತಿತು. ನಾಲಗೆ ಚಪ್ಪರಿಸಿದಳು. ಬೂದಿ ಓಡಿತು.

ಆರು ತಿಂಗಳು ಪಕ್ಕದಲ್ಲಿ ನಡೆದ ಕುದುರೆ. ಅವಳು ಉಸಿರೆಳೆದರೆ ಅದಕ್ಕೆ ತಿಳಿಯುತ್ತಿತ್ತು. ಜಗ್ಗಿದರೂ ಎದುರಾಡಲಿಲ್ಲ, ಹಿಡಿದದ್ದು ಅವಳು ತಾನೇ ಎಂದು ತಲೆಯನ್ನು ಅವಳ ಮುಷ್ಟಿಗೇ ಬಿಟ್ಟುಕೊಟ್ಟಿತು. ಆದರೆ ಎಡಗಾಲು ಊರಿದಾಗಲೆಲ್ಲ ಮುಷ್ಟಿಗೆ ಕೆಳಗಿಂದ ಒಂದು ನೂಕು. ಕಾಲಿನಲ್ಲಿದ್ದ ನೋವು ಕತ್ತಿಗೇರಿ, ಕತ್ತಿನಿಂದ ಹಗ್ಗಕ್ಕಿಳಿದು, ಅವಳ ಮಣಿಕಟ್ಟಿಗೆ ಬಡಿಯುತ್ತಿತ್ತು. ಅವಳು ಅದನ್ನು ಒತ್ತಿ ಒತ್ತಿ ಕುದುರೆಯ ಒಳಕ್ಕೇ ವಾಪಸ್ಸು ತಳ್ಳುತ್ತಿದ್ದಳು. ಹತ್ತು ಹೆಜ್ಜೆ. ಇಪ್ಪತ್ತು. ಶಾಮಿಯಾನದಲ್ಲಿ ಧಣಿ ಕಾಲ ಮೇಲೆ ಕಾಲು ಹಾಕಿಕೊಂಡ. ನಲವತ್ತಕ್ಕೆ ತಿರುವು.

ತಿರುಗುವಾಗ ಬೂದಿಯ ಕಣ್ಣು ಅವಳ ಮುಖದ ಹತ್ತಿರಕ್ಕೆ ಬಂತು. ಅದರಲ್ಲಿ ದೂರಿರಲಿಲ್ಲ, ಬೇಡಿಕೆ ಇರಲಿಲ್ಲ. ಮುಂದೆ ಏನು ಮಾಡಬೇಕು ಎಂದು ಕೇಳುವ ಕಣ್ಣು, ಅಷ್ಟೆ.

ಸೊಸೆ ಮುಷ್ಟಿ ಬಿಚ್ಚಿದಳು.

ಹಗ್ಗ ಬೆರಳ ನಡುವೆ ಜಾರಿ, ತುದಿ ಮಾತ್ರ ಕೈಯಲ್ಲುಳಿದು, ನಡುವೆ ಜೋಲಿಯಂತೆ ತೂಗಿತು. ಅವಳು ಒಂದು ಮೊಳ ದೂರ ಸರಿದು, ಯಾರಿಗೂ ಅಡ್ಡವಾಗದ ಹಾಗೆ ಓಡತೊಡಗಿದಳು. ಬೂದಿ ಅವಳ ಜೊತೆ ಓಡಿ ಬಂತು. ತಲೆ ಏರಿತು, ಇಳಿಯಿತು. ಏರಿತು, ಇಳಿಯಿತು. ನಲವತ್ತು ಹೆಜ್ಜೆಯ ಉದ್ದಕ್ಕೂ, ನೋಡುವ ಕಣ್ಣಿದ್ದವರಿಗೆಲ್ಲ, ಇರುವುದನ್ನು ಇರುವ ಹಾಗೆ ಹೇಳುತ್ತ ಬಂತು.



ಡಾಕ್ಟರಮ್ಮ ಬಂದು ಕೂತು, ಎಡಗಾಲಿನ ನರ ಮುಟ್ಟಿದಳು. ಕುದುರೆ ಕಾಲು ಕಸಿಯಿತು. ಎಷ್ಟು ದಿನದಿಂದ ಎಂದು ಕೇಳಿದಳು. ಸೊಸೆ ಬಾಯಿ ತೆರೆಯುವಷ್ಟರಲ್ಲಿ ಧಣಿ ಶಾಮಿಯಾನದಿಂದ ಬಂದಾಗಿತ್ತು. ನಗುತ್ತಲೇ ಬಂದ. ಈ ಹೆಂಗಸಿಗೆ ಓಡಿಸಲು ಬರುವುದಿಲ್ಲ, ಹಗ್ಗ ಜಗ್ಗಿ ಕುದುರೆಯನ್ನು ಕೆಡಿಸಿದಳು ಎಂದು ಡಾಕ್ಟರಮ್ಮನಿಗೆ ಹೇಳಿದ. ಹಗ್ಗ ಜಗ್ಗಿದ್ದನ್ನು ನಾನು ನೋಡಲಿಲ್ಲವಲ್ಲ ಎಂದಳು ಆಕೆ. ಇನ್ನೊಂದು ಅವಕಾಶ ಕೊಡಿ, ಬೇರೆಯವರು ಓಡಿಸುತ್ತಾರೆ, ಅದಕ್ಕೆ ನಿಯಮದಲ್ಲಿ ಜಾಗವಿದೆ ಎಂದ. ಜಾಗವಿತ್ತು. ಆಕೆ ಗಡಿಯಾರ ನೋಡಿ ಆಗಲಿ ಎಂದು ತಲೆಯಾಡಿಸಿದಳು.

ಧಣಿ ಸೊಸೆಯ ಪಕ್ಕದಿಂದ ಹಾದುಹೋಗುವಾಗ ತುಟಿ ಅಲುಗದ ಹಾಗೆ, “ಬೇವರ್ಸಿ ಮುಂಡೆ, ಇವತ್ತು ನಿನ್ನ ಹುಟ್ಟಡಗಿಸ್ತೀನಿ,” ಎಂದು, ಆಮೇಲೆ ದೊಡ್ಡ ದನಿಯಲ್ಲಿ ಮುದುಕನನ್ನು ಕರೆದ. “ಬಾರೋ. ಒಂದೇ ಸಲ. ಮೊದಲಿನ ಹಾಗೆ.”

ಮುದುಕ ಎದ್ದು ಬಂದ. ಮಂಡಿಯ ನೋವನ್ನು ನುಂಗಿ ನೆಟ್ಟಗೆ ನಡೆದು ಬಂದ, ಅಂಗಿಯ ಗುಂಡಿ ಸರಿಮಾಡಿಕೊಂಡ. ಸೊಸೆ ಅವನ ಕೈ ನೋಡಿದಳು. ಅವನು ಹಿಡಿದರೆ ಮುಗಿಯಿತು. ಅವನು ಕಲ್ಲನ್ನಾದರೂ ಓಡಿಸುತ್ತಾನೆ. ಅವಳು ಹಗ್ಗ ಚಾಚಿದಳು. ಚಾಚದೆ ಇರಲು ಅವಳಿಗೆ ಯಾವ ದಾರಿಯೂ ಇರಲಿಲ್ಲ.

ಮುದುಕ ಹಗ್ಗ ನೋಡಿದ, ಬೂದಿಯನ್ನು ನೋಡಿದ. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ಕೈ ಸೋತೈತೆ ಧಣಿ,” ಎಂದ. “ನಡುಗ್ತೈತೆ. ಹಿಡಿಯೋಕಾಗಲ್ಲ.”

ಸೊಸೆ ಅವನ ಹಿಂದೆ ನಿಂತಿದ್ದಳು. ಬೆನ್ನ ಹಿಂದೆ ಒಂದರೊಳಗೊಂದು ಹೆಣೆದುಕೊಂಡಿದ್ದ ಆ ಕೈಗಳು ಅವಳಿಗೆ ಮಾತ್ರ ಕಾಣುತ್ತಿದ್ದವು. ಅವು ನಡುಗುತ್ತಿರಲಿಲ್ಲ.

ಧಣಿ ಹಗ್ಗದವರ ಸಾಲಿನ ಕಡೆ ತಿರುಗಿದ. ಯಾರಾದರೂ ಬನ್ನಿ ಎಂದ. ಒಬ್ಬನಿಗೆ ಆಗಲೇ ಕುದುರೆಯ ಗೊರಸಿನಲ್ಲಿ ಕಲ್ಲು ಕಂಡಿತು, ಬಗ್ಗಿದ. ಒಬ್ಬ ಹೊಟ್ಟೆಪಟ್ಟಿ ಬಿಗಿಯತೊಡಗಿದ. ಕಂದು ಕುದುರೆಯ ಮೆಳ್ಳಗಣ್ಣನನ್ನೇ ಧಣಿ ಕೈಸನ್ನೆ ಮಾಡಿ ಕರೆದ. ಅವನು ಎಡಗಡೆ ನೋಡಿ, ಬಲಗಡೆ ನೋಡಿ, ತನ್ನನ್ನಲ್ಲ ಅಂದುಕೊಂಡವನಂತೆ ಸುಮ್ಮನೆ ನಿಂತ. ನೀನೇ ಕಣೋ ಎಂದಾಗ, “ನಂಗೆ ಕಣ್ಣು ಸರಿ ಇಲ್ಲ ಬುದ್ಧಿ, ಎಲ್ಲೋ ನೋಡಿದ್ರೆ ಎಲ್ಲೋ ಕಾಣ್ತೈತೆ,” ಎಂದ. ಸಾಲಿನಲ್ಲಿ ಯಾರೋ ಕೆಮ್ಮಿ ನಗೆ ನುಂಗಿದರು. ಕೋಚು ಎಲ್ಲಿ ಎಂದರೆ ಕೋಚು ಲಾರಿಯ ಮರೆಗೆ ಹೋಗಿ ಸೇರಿದ್ದ.

ಧಣಿಯೇ ಹಗ್ಗ ಕಸಿದುಕೊಂಡ. ನುಣುಪು ಬೂಟು, ಇಸ್ತ್ರಿ ಮಾಡಿದ ಬಟ್ಟೆ. ಹೋಯ್ ಎಂದು ಎಳೆದ. ಬೂದಿ ಎರಡು ಹೆಜ್ಜೆ ಓಡಿತು, ನಿಂತಿತು, ಹಿಂದೆ ತಿರುಗಿ ಸೊಸೆ ಎಲ್ಲಿ ಎಂದು ನೋಡಿತು. ಮತ್ತೆ ಎಳೆದ. ಇಪ್ಪತ್ತು ಹೆಜ್ಜೆಗೆ ಅವನಿಗೇ ಉಸಿರು ಹತ್ತಿತು. ಕುದುರೆಯ ತಲೆ ಏರುತ್ತ ಇಳಿಯುತ್ತ ಅವನ ಹಿಂದೆ ಬಂತು. ಡಾಕ್ಟರಮ್ಮ ತಿರುವಿನವರೆಗೂ ಕಾಯಲಿಲ್ಲ. ಗುಮಾಸ್ತನಿಗೆ ಏನೋ ಹೇಳಿದಳು, ಅವನು ಬರೆದ, ಮುಂದಿನ ನಂಬರು ಕೂಗಿದ.

ಧಣಿ ಹಗ್ಗವನ್ನು ನೆಲಕ್ಕೆ ಬಿಸಾಡಿ ಫೋನು ತೆಗೆದ. ಸೊಸೆಗೆ ಕೇಳಲೆಂದೇ ಗಟ್ಟಿಯಾಗಿ ಮಾತಾಡಿದ. ಹಿಂದಿನ ಕೋಣೆಯ ಬೀಗ ಒಡೆಯಿರಿ. ಮಂಚ, ಟ್ರಂಕು, ಏನಿದೆಯೋ ಎಲ್ಲಾ ಆಚೆ ರಸ್ತೆಗೆ ಹಾಕಿ. ಹೌದು, ಈಗಲೇ.

ಮುದುಕ ತಾನು ಕೂತಿದ್ದ ಜಾಗಕ್ಕೇ ಹೋಗಿ ಕೂತ. ಗೂಡಿನಲ್ಲಿದ್ದ ಪಟವನ್ನು ಅವರು ನೆಲಕ್ಕೆ ಇಡುತ್ತಾರೋ ಎಸೆಯುತ್ತಾರೋ ಎಂದು ಮಾತ್ರ ಸೊಸೆ ಯೋಚಿಸಿದಳು. ಆಮೇಲೆ ಬಗ್ಗಿ ಹಗ್ಗ ಎತ್ತಿಕೊಂಡಳು. ಬೂದಿಯನ್ನು ಮೆಲ್ಲಗೆ, ಒಂದೊಂದೇ ಹೆಜ್ಜೆ, ಮೈದಾನದ ಅಂಚಿನ ನಲ್ಲಿಯ ಹತ್ತಿರ ನಡೆಸಿಕೊಂಡು ಹೋದಳು. ನಲ್ಲಿಗೆ ಪೈಪು ಸಿಕ್ಕಿಸಿ, ಮಂಡಿಯೂರಿ, ಎಡಗಾಲಿನ ನರದ ಮೇಲೆ ತಣ್ಣೀರು ಬಿಟ್ಟಳು. ಓಡಿದ್ದರಿಂದ ಬಿಸಿ ಹೆಚ್ಚಾಗಿತ್ತು. ಈಗ ಅಂಗೈಗೂ ತಿಳಿಯುವಷ್ಟು.

ಕೋಚು ಬಂದು ಹಗ್ಗ ಕೊಡು ಎಂದ. ಅವಳಿಗೆ ಕೇಳಿಸಲಿಲ್ಲ. ಕೈಹಾಕಲು ಬಂದ, ಬೂದಿ ಕಿವಿ ಹಿಂದಕ್ಕೆ ಹಾಕಿ ಹಿಂಗಾಲು ಎತ್ತಿದ್ದನ್ನು ಕಂಡು ದೂರ ನಿಂತ. ಆಗ ಧಣಿ ಬಂದ. ಲಾರಿಯವರಿಬ್ಬರನ್ನು ಬೆನ್ನ ಹಿಂದೆ ಕರೆದುಕೊಂಡೇ ಬಂದ. ಕುದುರೆ ನನ್ನದು ಎಂದ. ಕೆಲಸ ಮುಗಿಯಿತು, ಎದ್ದು ತೊಲಗು, ಇನ್ನು ಈ ಕುದುರೆಯ ಕೂದಲು ಮುಟ್ಟಿದರೆ ಕೈ ಮುರಿಸುತ್ತೇನೆ ಎಂದ.

“ಹಗ್ಗ ಬಿಡು.”

“ಬಿಡ್ತೀನಿ,” ಎಂದಳು ಸೊಸೆ, ತಲೆಯೆತ್ತದೆ. “ಇಪ್ಪತ್ತು ನಿಮಿಷ ನೀರು ಬಿಡ್ಬೇಕು. ಎಂಟು ಆಗೈತೆ. ಇನ್ನೂ ಹನ್ನೆರಡೈತೆ. ಅಲ್ಲೀವರ್ಗೂ ನಿಂತಿರಿ.”

ಲಾರಿಯವರು ಧಣಿಯ ಮುಖ ನೋಡಿದರು. ಧಣಿ ಮೈದಾನದ ಕಡೆ ಕಣ್ಣು ಹಾಯಿಸಿದ. ಗುಡಿಸಿದ ನೆಲದ ಆಚೆಯಿಂದ ಹಗ್ಗದವರೆಲ್ಲ ಇತ್ತಲೇ ತಿರುಗಿ ನಿಂತಿದ್ದರು. ಕುದುರೆಯ ಕಾಲಿನಿಂದ ಇಳಿದ ನೀರು ಮಣ್ಣು ಕಲೆಸಿಕೊಂಡು ಹರಿದು ಅವನ ಬೂಟಿನ ಸುತ್ತ ಸೇರತೊಡಗಿತು. ಅವನು ಒಂದು ಹೆಜ್ಜೆ ಹಿಂದೆ ಸರಿದ. ನೀರು ಆ ಜಾಗಕ್ಕೂ ಬಂತು.